ಪಿಎಫ್ ಕಟ್ ಆಗದ ವರ

ಉಪ್ಪಿಟ್ಟಿನ ತಟ್ಟೆ ನಮ್ಮ ಕೈಗೆ ಬರುವ ಮೊದಲೇ ಸಾಧನಾಳ ಅಪ್ಪ ಕೇಶವಮೂರ್ತಿ ನನ್ನ ಮಗನನ್ನು ಕೇಳಿದರು: "ಪಿಎಫ್ ಕಟ್ ಆಗುತ್ತೇನಪ್ಪಾ?"

ಗೋತ್ರ ಕೇಳಲಿಲ್ಲ, ನಕ್ಷತ್ರ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೆಣ್ಣು ನೋಡಲು ಸಾಂತಾಕ್ರೂಜ್‌ನಿಂದ ಜೋಗೇಶ್ವರಿಗೆ ಬಂದವರು ನಾವು, ಇಂಟರ್‌ವ್ಯೂಗೆ ಬಂದವರಲ್ಲ. ಆದರೆ ಹುಡುಗಿ ನನ್ನ ಮನಸ್ಸಿಗೆ ಹಿಡಿಸಿದ್ದಳು, ಸಂಬಂಧ ಕೈತಪ್ಪಬಾರದೆಂದು ಬಾಯಿ ಬಿಗಿಹಿಡಿದೆ. ಮದುವೆಯಾದ ಮೇಲೆ ಅವಳು ಕೆಲಸ ಬಿಡಬೇಕು ಎಂದು ಫೋನಿನಲ್ಲೇ ಹೇಳಿದ್ದೆ. ಮಗ ಚೆನ್ನಾಗಿ ದುಡಿಯುತ್ತಾನಲ್ಲ, ಆ ಜಂಬ.

"ಇಲ್ಲ ಅಂಕಲ್," ಎಂದ ಅಭಿರಾಮ್, ಹೆಮ್ಮೆಯಿಂದಲೇ. "ಹೋದ ವರ್ಷದಿಂದ ನಾನು ಕನ್ಸಲ್ಟೆಂಟ್. ಟಿಡಿಎಸ್ ಹತ್ತು ಪರ್ಸೆಂಟ್ ಹಿಡೀತಾರೆ, ಬೇರೇನೂ ಕಟ್ ಇಲ್ಲ. ಕೈಗೆ ಜಾಸ್ತಿ ಬರುತ್ತೆ."

"ಅಂದ್ರೆ ಕೆಲಸ ಬಿಟ್ಟೆಯಾ?"

"ಇಲ್ಲ. ಅದೇ ಪರೇಲ್ ಆಫೀಸು, ಅದೇ ಟೇಬಲ್ಲು, ಅದೇ ಬಾಸ್."

"ಮತ್ತೆ ಕಂಪನಿ ತನ್ನ ಪಾಲಿನ ಪಿಎಫ್ ಹಾಕಲ್ವಾ?"

"ನಾನು ಅವರ ಎಂಪ್ಲಾಯೀನೇ ಅಲ್ವಲ್ಲ ಅಂಕಲ್. ಪೇಪರ್ ಮೇಲೆ ನಂದೇ ಸ್ವಂತ ಬಿಸ್ನೆಸ್. ತಿಂಗಳಿಗೊಂದು ಬಿಲ್ ಕೊಡ್ತೀನಿ."

ಕೇಶವಮೂರ್ತಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸಂಬಳದಲ್ಲಿ ಕಟ್ ಆಗಿದ್ದನ್ನು ನೋಡಿಯೇ ತನ್ನ ನೌಕರಿ ಗಟ್ಟಿ ಎಂದು ಜೀವಮಾನವೆಲ್ಲ ನಂಬಿಕೊಂಡಿದ್ದ ಮನುಷ್ಯ ಅವರು.

"ಪಿಎಫ್ಫೇ ಕಟ್ ಆಗಲ್ಲ ಅಂದ್ರೆ ಅದು ಕೆಲಸ ಹೇಗಾಗುತ್ತೆ, ವಸಂತಿಯವ್ರೇ?" ಎಂದು ನನ್ನನ್ನೇ ಕೇಳಿದರು.

ನನಗೇನು ಗೊತ್ತು! ಮಗ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ದಿನಾ ಲೋಕಲ್ ಟ್ರೈನ್ ಹಿಡಿಯುತ್ತಾನೆ. ಅದನ್ನೇ ನಾನು ಕೆಲಸ ಎಂದುಕೊಂಡಿದ್ದೆ. ಈಗ ಅವನು ಮಾಲೀಕನೋ ನೌಕರನೋ ಎಂದು ಯೋಚಿಸಿ ತಲೆ ಕೆಟ್ಟುಹೋಯಿತು.

ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲರ್ಕ್ ಆಗಿರುವ ಸಾಧನಾ ಆಗ ಮೊದಲ ಸಲ ಬಾಯಿ ತೆರೆದಳು.

"ಬಿಸ್ನೆಸ್ ನಿಮ್ದೇ ಆದ್ರೆ ಲಾಸ್ಟ್ ವೀಕ್ ಬರ್ಲಿಲ್ಲ ಯಾಕೆ? ಛುಟ್ಟಿ ಸಿಗ್ಲಿಲ್ಲ ಅಂತ ಆಂಟಿ ಫೋನ್ ಮಾಡಿದ್ರು."

ಆ ಫೋನ್ ಮಾಡಿದವಳು ನಾನೇ; ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ.

"ಹಾಗೇನಿಲ್ಲ, ನಾನು ಯಾವಾಗ ಬೇಕಾದ್ರೂ ರಜಾ ತಗೋಬಹುದು," ಎಂದ ಅಭಿರಾಮ್.

"ಹಾಗಿದ್ರೆ ಈಗ್ಲೇ ಬಾಸ್‌ಗೆ ಹೇಳಿಬಿಡಿ. ಶಾದೀಗೆ ಒಂದು ವಾರ ಬರಲ್ಲ ಅಂತ. ಕೇಳ್ಬೇಡಿ. ಸಿರ್ಫ್ ಹೇಳಿ."

ಹಟಕ್ಕೆ ಬಿದ್ದು ಅವನು ಫೋನ್ ಮಾಡಿದ. ಆ ಕಡೆ ಎತ್ತಿದರು. "ಸರ್..." ಎನ್ನುತ್ತಲೇ ನನ್ನ ಮಗ ಸೋಫಾದಿಂದ ಎದ್ದು ನಿಂತ. ತನಗೇ ಗೊತ್ತಿಲ್ಲದೆ ನಿಂತ. ಖಾಲಿಯಿದ್ದ ಕೈ ಬೆನ್ನ ಹಿಂದೆ ಹೋಯಿತು.

"ಎರಡು ದಿನ ಕೊಟ್ರು," ಎಂದು ಮೆಲ್ಲಗೆ ಕೂತ. "ಆ ಎರಡು ದಿನದ್ದು ಬಿಲ್‌ನಲ್ಲಿ ಹಾಕ್ಬಾರದಂತೆ."

"ನೌಕರನೇ! ಅನುಮಾನವೇ ಇಲ್ಲ," ಎಂದು ಕೇಶವಮೂರ್ತಿ ನೆಮ್ಮದಿಯಿಂದ ಉಪ್ಪಿಟ್ಟಿಗೆ ಕೈಹಾಕಿದರು.

ಸಾಧನಾ ನಗಲಿಲ್ಲ. "ಬಾಸ್ ಹೇಳಿದ್ದನ್ನ ಇವ್ರು ಮುಚ್ಚಿಡ್ಲಿಲ್ಲ. ನನಗೆ ಒಪ್ಪಿಗೆ, ಆಂಟಿ. ಲೇಕಿನ್ ನಾನು ಕೆಲಸ ಬಿಡಲ್ಲ. ಮನೇಲಿ ಒಬ್ರ ಸಂಬಳದಲ್ಲಾದ್ರೂ ಪಿಎಫ್ ಕಟ್ ಆಗ್ಲಿ."

ಬಿಡಲೇಬೇಕು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮಗನ ಕಡೆ ನೋಡಿದೆ. ಅವನು ಇನ್ನೂ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದ.

"ಬಿಡ್ಬೇಡಮ್ಮ," ಎಂದೆ. "ದಯವಿಟ್ಟು ಬಿಡ್ಬೇಡ."