ಬೇಲಿ ಎಳೆದ ಕವೆಗೋಲು

ನಾನು ಒಂದು ಕವೆಗೋಲು. ಕರಿಜಾಲಿಯ ಕೊಂಬೆಯೊಂದು ತುದಿಯಲ್ಲಿ ಎರಡು ಕವಲಾಗಿ ಬೆಳೆದಿತ್ತು. ಅದನ್ನು ಕಡಿದು, ತೊಗಟೆ ಹೆರೆದು, ಆಡು ಕಾಯುವ ಮೈಲಾರಿ ನನ್ನನ್ನು ಮಾಡಿದ. ಕೈಗೆ ಚುಚ್ಚದಂತೆ ಮುಳ್ಳುಕಂಟಿ ನೂಕುವುದು, ಎಳೆಯುವುದು ನನ್ನ ಕೆಲಸ. ಎರಡು ವರ್ಷ ಅವನ ಹಟ್ಟಿಯ ಬೇಲಿ ಕಟ್ಟಿದೆ. ಆಮೇಲೆ ಅವನ ಅಕ್ಕ ಫಕೀರವ್ವ ನನ್ನನ್ನು ಕೇಳಿ ಒಯ್ದಳು.

ಫಕೀರವ್ವ ನರ್ಸರಿಯ ಕೂಲಿಯವಳು. ನಮ್ಮ ಕುರುಚಲು ಗುಡ್ಡದಲ್ಲಿ ಧೂಪದ ಅಂಟು ಕೊಡುವ ಗುಗ್ಗುಳದ ಗಿಡಗಳು ಒಂದೊಂದಾಗಿ ಸತ್ತು, ಬೀಜ ಬಿಡುವ ಗಿಡ ಒಂದೇ ಉಳಿದಿತ್ತು. ಆಳೆತ್ತರದ್ದು, ಕಾಗದದಂತೆ ಸುಲಿಯುವ ತೊಗಟೆ. ಅದರ ಬೀಜದಿಂದ ಸಸಿ ಎಬ್ಬಿಸಲೇಬೇಕೆಂಬುದು ಅವಳ ಹಟ. ಆಡು ಬಾಯಿ ಹಾಕದಿರಲೆಂದು ನನ್ನಿಂದ ಒಣಮುಳ್ಳು ನೂಕಿಸಿ, ಎದೆಮಟ್ಟ ಬೇಲಿ ಹಾಕಿದಳು.

"ಯಕ್ಕಾ, ಗಿಡಕ್ಕ ಇಷ್ಟ್ ಕಾವಲಾ? ಮಗಳ ಮದುವಿಯಾಗೂ ಇಷ್ಟ್ ಓಡಾಡಿದ್ದಿಲ್ಲ ನೀನು!" ಎಂದು ಮೈಲಾರಿ ನಕ್ಕ.

"ನಿನ್ನ ಆಡಿನ ಬಾಯಿಗೆ ಹೊಲಿಗಿ ಹಾಕು, ಬೇಲಿ ತಗೀತೀನಿ."

ಕಾಳ್ಗಿಚ್ಚು ಬಂದರೆ ದೂರವೇ ನಿಲ್ಲಲೆಂದು ಬೇಲಿಯ ಸುತ್ತ ಹುಲ್ಲು ಕೆತ್ತಿ ಬಯಲು ಮಾಡಿದ್ದಳು. ಒಳಗಿನ ಮುಳ್ಳೇ ಸೌದೆಯೆಂಬುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಶಿವರಾತ್ರಿ ಕಳೆದ ವಾರ, ನಡುಮಧ್ಯಾಹ್ನ, ಗುಡ್ಡದಾಚೆ ಹೊಗೆ ಎದ್ದಿತು. ಹೊಸ ಹುಲ್ಲು ಚಿಗುರಲೆಂದು ಯಾರೋ ಇಟ್ಟ ಬೆಂಕಿ. ಅದು ಬಯಲಿನವರೆಗೆ ಬಂದು ನಿಂತಿತು. ನನ್ನನ್ನು ಹಿಡಿದು ತಮ್ಮನೊಡನೆ ಓಡಿ ಬಂದಿದ್ದ ಫಕೀರವ್ವ ನಿರಾಳವಾಗಿ ಉಸಿರು ಬಿಟ್ಟಳು. ಅಷ್ಟರಲ್ಲಿ ಗಾಳಿ ಒಂದು ಕಿಡಿಯನ್ನು ಬೇಲಿಗೆ ತಂದು ಹಾಕಿತು.

"ಎಳಿ ಯಕ್ಕಾ! ಮುಳ್ಳ ಎಳಿ!" ಹಸಿ ಸೊಪ್ಪಿನಿಂದ ಬೆಂಕಿ ಬಡಿಯುತ್ತ ಮೈಲಾರಿ ಕೂಗಿದ.

ಅವಳು ನನ್ನನ್ನು ಉರಿಯೊಳಗೆ ತೂರಿಸಿದಳು. ಮೂಡಣ ಕಡೆಯ ಮುಳ್ಳು ಬಂತು. ಪಡುವಣಕ್ಕೆ ಹೋಗುವಷ್ಟರಲ್ಲಿ ನನ್ನ ಒಂದು ಕವಲು ಸುಟ್ಟು ಮುರಿಯಿತು. ಗಿಡದ ಅಂಟು ಉಕ್ಕಿ ಉರಿದು, ಗುಡಿಯ ಧೂಪದ ವಾಸನೆ ಹರಡಿತು. ಆ ಪರಿಮಳಕ್ಕೆ ಅವಳು ಅತ್ತುಬಿಟ್ಟಳು.

ಈಗ ಅಲ್ಲಿ ಮುಳ್ಳಿಲ್ಲ, ಕಲ್ಲು ಪೇರಿಸಿದ್ದಾಳೆ. ನೀರಿನ ಬಾಟಲಿ ತೂಗುಹಾಕಲು ನನ್ನನ್ನು ಕಲ್ಲುಗಳ ನಡುವೆ ನಿಲ್ಲಿಸಿದ್ದಾಳೆ. ಬೇಸಿಗೆಯಲ್ಲಿ ಗುಗ್ಗುಳಕ್ಕೆ ಎಲೆಯೇ ಇರುವುದಿಲ್ಲ. ಬದುಕಿದೆಯೋ ಸತ್ತಿದೆಯೋ ಕಣ್ಣಿಗೆ ತಿಳಿಯದು.

"ಉಗುರಿಲೆ ತೊಗಟಿ ಕೆರದು, ಒಳಗ ಹಸರ ಐತೇನ ನೋಡಬಾರದಾ?" ಎನ್ನುತ್ತಾನೆ ಮೈಲಾರಿ.

"ನಾಳಿ ನೋಡ್ತೀನಿ ತಡಿಯೋ."

ದಿನಾ ಬೆರಳು ಚಾಚುತ್ತಿದ್ದಳು, ಹಿಂದಕ್ಕೆ ತೆಗೆಯುತ್ತಿದ್ದಳು. ಇವತ್ತು ಕೆರೆದಳು. ಪಡುವಣ ಕಡೆ ಬರೀ ಕಂದು. ಮೂಡಣ ಕಡೆ, ನೂಲಿನಷ್ಟು ಹಸಿರು.

ಮುಳ್ಳು ತಂದಿಟ್ಟದ್ದೂ ನಾನೇ, ಎಳೆದದ್ದೂ ನಾನೇ. ಗುಡ್ಡದಲ್ಲಿ ಒಣಹುಲ್ಲು ಇನ್ನೂ ಅರ್ಧ ಉಳಿದಿದೆ. ಮಳೆ ದೂರವಿದೆ. ಗಾಳಿ ಎದ್ದರೆ ಫಕೀರವ್ವ ಥಟ್ಟನೆ ಆ ಕಡೆ ತಿರುಗುತ್ತಾಳೆ. ನಾನು ತಿರುಗಲಾರೆ, ಅವಳ ಮುಖವನ್ನೇ ನೋಡುತ್ತೇನೆ.