ಕತ್ತರಿಸದ ಕೂದಲು

1908ರಲ್ಲಿ ಒಹಾಯೋದ ನಮ್ಮೂರ ಕಾಲೇಜಿನ ಫುಟ್‌ಬಾಲ್ ಹುಡುಗರು ತಲೆಗೆ ಏನನ್ನೂ ಹಾಕುತ್ತಿರಲಿಲ್ಲ. ನಮ್ಮ ಕಡೆಯ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಓಡುವವನನ್ನು ಎದುರಾಳಿಗಳು ಮೈಮೇಲೆ ಬಿದ್ದು ಕೆಡವುವುದು. ಪೆಟ್ಟು ತಡೆಯಲೆಂದು ಬೇಸಿಗೆಯಿಂದಲೇ ಕೂದಲು ಬೆಳೆಸುತ್ತಿದ್ದರು. ನನ್ನ ಮಗ ಲೈಮನ್ ಕೂಡ ಬೆಳೆಸಿದ್ದ. ಆದರೆ ಆ ವರ್ಷ ಒಂದು ಪಂದ್ಯಕ್ಕೂ ಅವನನ್ನು ಇಳಿಸಲಿಲ್ಲ; ಕಂಬಳಿ ಹೊದ್ದು ಬೆಂಚಿನ ಮೇಲೆ ಕೂತಿದ್ದೇ ಬಂತು.

ಕೊನೆಯ ಪಂದ್ಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಬೆಳಿಗ್ಗೆ ಅವನು ಕತ್ತರಿ ಹಿಡಿದು ಅಡುಗೆಮನೆಗೆ ಬಂದ.

“ಅಮ್ಮಾ, ಕತ್ತರಿಸಿಬಿಡು. ಬೆಂಚು ಕಾಯೋನಿಗೆ ಇಷ್ಟು ಕೂದಲು ಯಾಕೆ?”

“ಜಡೆ ಹಾಕಿಕೊಡೇ ಅವನಿಗೆ,” ಅಂದರು ನಮ್ಮ ಯಜಮಾನರು, ಪತ್ರಿಕೆಯ ಹಿಂದಿನಿಂದ.

“ನೀವು ಸುಮ್ನಿರಿ. ಲೈಮನ್, ನನ್ನ ಕೈಯೆಲ್ಲ ಹಿಟ್ಟು ಕಣೋ. ಈ ಕುಂಬಳಕಾಯಿ ಪೈ ಒಲೆಗೆ ಹೋಗ್ಲಿ, ಇರು.”

ಬೇಕೆಂದೇ ತಡಮಾಡಿದೆ. ಅಷ್ಟರಲ್ಲಿ ಆಟಕ್ಕೆ ಹೊತ್ತಾಯಿತು.

ಒಮ್ಮೆ ಹೊರಬಂದ ಆಟಗಾರ ಆ ಪಂದ್ಯಕ್ಕೆ ಮತ್ತೆ ಇಳಿಯುವಂತಿರಲಿಲ್ಲ. ಹಾಗಾಗಿ ನಾಯಕ ಗ್ರೋವರ್, ಭುಜ ಜಾರಿದ್ದರೂ, ಹಲ್ಲು ಕಚ್ಚಿ ಆಡುತ್ತಲೇ ಇದ್ದ. ಲೈಮನ್‌ನಂತೆ ಅವನಿಗೂ ಕಾಲೇಜಿನಲ್ಲಿ ಅದೇ ಕೊನೆಯ ಆಟ. ಹೊತ್ತು ಇಳಿದಾಗ ತಾನಾಗಿಯೇ ಗೆರೆಯಾಚೆ ಬಂದು, ಲೈಮನ್‌ನ ಕಂಬಳಿ ಎಳೆದು ಹೊದ್ದುಕೊಂಡ.

“ಹೋಗೋ ಜಡೆಮುನಿ! ಇನ್ನು ಬೆಂಚು ನಾನು ಕಾಯ್ತೀನಿ.”

ಚೆಂಡನ್ನು ಅಪ್ಪಿಕೊಂಡು ಓಡಿದ ನನ್ನ ಮಗನ ಮೇಲೆ ಎದುರು ತಂಡದ ಹುಡುಗರು ರಾಶಿಯಾಗಿ ಬಿದ್ದರು. ನಾನು ಯಜಮಾನರ ತೋಳನ್ನು ಬಿಗಿಯಾಗಿ ಹಿಡಿದುಕೊಂಡೆ. ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಅವನೂ ಎದ್ದ. ಮೂಗಿನಲ್ಲಿ ರಕ್ತ, ಮುಖದ ತುಂಬ ಕೆಸರು. ನಾವಿದ್ದ ಕಡೆ ತಿರುಗಿ ಕೂಗಿದ:

“ಅಮ್ಮಾ, ನೋಡಿದ್ಯಾ? ಎಲ್ಲರಿಗಿಂತ ಕೆಳಗೆ ಇದ್ದೋನು ನಾನೇ!”