ಹಳದಿ ದಿಬ್ಬದ ಜೇಡಿ

ಸಾವಿನ ಮನೆಯ ಮಾತನ್ನು ಹೊರಗೆ ಆಡಬಾರದು. ಆದರೂ ಹೇಳುತ್ತಿದ್ದೇನೆ, ತಪ್ಪಿದ್ದರೆ ಮನ್ನಿಸಿ.

ಕಂಬಳಿ ಗುಡಾರದೊಳಗೆ, ಕಿರ್ಗಿಜ್ ವಿಧವೆಯರ ರೂಢಿಯಂತೆ, ಗೋಡೆಗೆ ಮುಖ ಮಾಡಿ ಹಾಡಿ ಅಳುತ್ತಿದ್ದ ಕುಲೀಪಾ ಅರ್ಧ ಸಾಲಿಗೇ ನಿಂತಳು. ಬೆನ್ನ ಹಿಂದೆ, ಪರದೆಯ ಆಚೆ, ಗಂಡ ಕಸಿಮಾಲಿಯ ಹೆಣ. ಗುಡಾರದ ಹೊರಗೆ ಮೈದುನ ಜುಮಾಶನ ದನಿ.

"ಗೋರಿ ಬಾಯಿ ಮುಚ್ಚೋಕೆ ಹೊಳೆದಂಡೆ ಮಣ್ಣು ಬೇಡ ಕಣ್ರೋ, ಉದುರುತ್ತೆ. ಹಳದಿ ದಿಬ್ಬ ಅಗೀರಿ. ನಮ್ಮಣ್ಣನಿಗೆ ಒಳ್ಳೇ ಜೇಡಿನೇ ಆಗ್ಬೇಕು."

"ಅಲ್ಲಿ ನೊಣ ಗುಂಯ್ ಅಂತಾವಲ್ಲೋ."

"ಕಚ್ಚಿದ್ರೆ ಕಚ್ಲಿ ಬಿಡು. ಬೆಳಗಿಂದ ನಿನ್ನ ಕಣ್ಣಲ್ಲಿ ಒಂದು ಹನಿ ಬಂದಿಲ್ಲ, ಅಳೋಕಾದ್ರೂ ಅನುಕೂಲ ಆಗುತ್ತೆ."

*

ಕಸಿಮಾಲಿ ಹಾಲಿನ ವ್ಯಾನು ಓಡಿಸುತ್ತಿದ್ದ. ಹಳದಿ ದಿಬ್ಬದಲ್ಲಿ ಮಣ್ಣು ಕೊರೆದು ಒಂಟಿಯಾಗಿ ಬಾಳುವ ಆ ಕಾಡುಜೇನಿನ ಬಗ್ಗೆ ಅಂತರ್ಜಾಲದ ವಿಶ್ವಕೋಶದಲ್ಲಿ, ಅವರ ಕಿರ್ಗಿಜ್ ಭಾಷೆಯಲ್ಲಿ, ಇದ್ದದ್ದು ಒಂದೇ ಸಾಲು: 'ಈಗ ಎಲ್ಲೂ ಕಂಡುಬರುವುದಿಲ್ಲ.' ಅವನು ಎರಡೇ ಬೆರಳಲ್ಲಿ ಕುಟ್ಟುತ್ತಾ ಅದನ್ನು ಬೆಳೆಸಿದ. ಯಾವ ಹೂವಿಗೆ ಹೋಗುತ್ತದೆ, ಮೊಟ್ಟೆಯಿಟ್ಟ ಮೇಲೆ ಹೆಣ್ಣು ಗೂಡಿನ ಬಾಯಿಗೆ ಹೇಗೆ ಜೇಡಿ ಮೆತ್ತುತ್ತದೆ, ಎಲ್ಲ ಉಳಿಯಿತು. 'ನಮ್ಮೂರ ಬಳಿ ಇನ್ನೂ ಇದೆ' ಎಂಬ ಮಾತನ್ನು ಮಾತ್ರ ಕಾಣದ ಯಾರೋ ಪ್ರತಿ ಸಲವೂ ಅಳಿಸಿ, ಹಳೆಯ ಸಾಲನ್ನೇ ಕೂರಿಸುತ್ತಿದ್ದರು. ಅಚ್ಚಾದ ಆಧಾರ ಬೇಕಂತೆ.

"ಆಧಾರ ದಿಬ್ಬದ ಮೇಲೆ ಹಾರಾಡ್ತಿದೆ. ಹಿಡಿದು ಅಚ್ಚು ಹಾಕ್ಲಾ?"

"ನೀನೂ ಒಂಟಿ ನೊಣನೇ ಬಿಡು," ಎಂದು ಕುಲೀಪಾ ನಕ್ಕಿದ್ದಳು.

ಈ ವಸಂತದಲ್ಲಿ ರಾಜಧಾನಿ ಬಿಷ್ಕೆಕ್‌ನಿಂದ ಕೀಟಶಾಸ್ತ್ರದ ಹೆಂಗಸೊಬ್ಬಳು ಒಪ್ಪಿದ್ದಳು: ಬರುವ ವಾರ ಬಂದು ನೋಡುತ್ತೇನೆ, ಬರೆದು ಅಚ್ಚು ಮಾಡಿಸುತ್ತೇನೆ.

"ಅಲ್ಲೀವರೆಗೆ ಯಾರಿಗೂ ಹೇಳ್ಬೇಡ," ಅಂದಿದ್ದ ಕಸಿಮಾಲಿ. "ಜುಮಾಶನಿಗಂತೂ ಬೇಡ. ಊರೆಲ್ಲಾ ಹೇಳ್ಕೊಂಡು ನಗ್ತಾನೆ."

*

"ಬತ್ಮಾ ಅಜ್ಜಿ, ಆ ದಿಬ್ಬ ಮುಟ್ಬಾರ್ದು ಅಂತ ಗಂಡಸರಿಗೆ ಹೇಳಿ," ಕುಲೀಪಾ ಪಕ್ಕದ ಮುದುಕಿಯ ತೋಳು ಹಿಡಿದಳು. "ಅಲ್ಲಿ ಅವನ ಜೇನಿದೆ."

"ಗಂಡನ ಹೆಣ ಇಟ್ಕೊಂಡು ನೊಣದ ಚಿಂತೆಯಾ? ಜನ ಏನಂದಾರು! ಮುಖ ಗೋಡೆಗಿಡು ತಾಯಿ."

ಹೆಣ ಎತ್ತುವ ತನಕ ವಿಧವೆ ಹೊಸ್ತಿಲು ದಾಟುವಂತಿಲ್ಲ. ಹೆಂಗಸರು ಗೋರಿಯ ಬಳಿಗೆ ಹೋಗುವಂತೆಯೇ ಇಲ್ಲ. ಅವಳಿಗಿದ್ದದ್ದು ಹಾಡೊಂದೇ. ದನಿ ಎತ್ತಿದಳು:

"ಹಳದಿ ದಿಬ್ಬವ ಅಗೀಬೇಡಿರೋ, ಅಣ್ಣಗಳಿರಾ,
ನನ್ನ ದೊರೆಯ ಉಸಿರು ಅಲ್ಲೈತೆ,
ಬಾಗಿಲು ಮೆತ್ತಿ ಮಲಗ್ಯಾವೆ ಕೂಸು,
ಗುದ್ದಲಿ ಕೆಳಗಿಡಿರೋ..."

ಹೊರಗೆ ಕೋಲೂರಿ ನಿಂತ ಗಂಡಸರ ಗೋಳು ಇಮ್ಮಡಿಯಾಯಿತು.

"ಅಬ್ಬಾ, ಏನು ಹಾಡ್ತಾಳಪ್ಪಾ! ಕಲ್ಲೂ ಕರಗುತ್ತೆ!"

ಅವಳು ಮತ್ತೆ ಹಾಡಿದಳು. ಪ್ರಾಸ ಬಿಟ್ಟು, ರಾಗ ಬಿಟ್ಟು, ಬರೀ "ಅಗೀಬೇಡಿ, ಅಗೀಬೇಡಿ" ಎಂದು ಕೂಗಿದಳು. ಬತ್ಮಾ ಅಜ್ಜಿ ಬಿಕ್ಕಿ ಬಿಕ್ಕಿ ಅವಳನ್ನು ಅಪ್ಪಿಕೊಂಡಳು. ಜುಮಾಶ್ ಎಲ್ಲರಿಗಿಂತ ಜೋರಾಗಿ ಅತ್ತ. ಗುದ್ದಲಿ ಹೊತ್ತವರು ಕಣ್ಣೊರೆಸಿಕೊಂಡು ದಿಬ್ಬದ ಕಡೆ ಹೊರಟರು.

*

ಮಣ್ಣು ಮಾಡಿ ಬಂದ ಜುಮಾಶ್ ಹೊಸ್ತಿಲಲ್ಲಿ ಬೂಟು ಬಿಚ್ಚಿದ. ಅವನ ಕಣ್ಣು ಊದಿತ್ತು.

"ಅತ್ತಿಗೆ, ನಿನ್ನ ಹಾಡು ಯಾರೂ ಮರೆಯಲ್ಲ. ಒಂದು ಏಟಿಗೆ ದಿಬ್ಬ ಪೂರ್ತಿ ಕುಸೀತು, ಜೇಡಿಗೆ ಬರ ಇರ್ಲಿಲ್ಲ. ಅಣ್ಣನ ಗೋರಿ ಚೆನ್ನಾಗಿ ಮೆತ್ತಿದೀವಿ. ಗಾಳಿನೂ ನುಗ್ಗಲ್ಲ."

ಬೂಟಿಗೆ ಅಂಟಿದ ಹಳದಿ ಜೇಡಿಯ ಮೇಲೆ ಒಂದು ಬೂದು ಜೇನು ಬಂದು ಕೂತಿತು. ಅದರ ಕಾಲ ತುಂಬ ಪರಾಗ. ಹಿಮ್ಮಡಿಯಿಂದ ತುದಿಯವರೆಗೆ ನಡೆಯಿತು, ತೂತು ಹುಡುಕಿತು, ಹಾರಿತು, ಮತ್ತೆ ಅಲ್ಲಿಗೇ ಬಂದಿತು.

ಅದಕ್ಕೆ ಬೇರೆ ದಿಬ್ಬ ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ. 'ಈಗ ಎಲ್ಲೂ ಕಂಡುಬರುವುದಿಲ್ಲ' ಎಂಬ ಸಾಲು ಇನ್ನೂ ಸುಳ್ಳೋ, ಅಂದೇ ನಿಜವಾಯಿತೋ, ಅದೂ ಗೊತ್ತಿಲ್ಲ.